ಮಚ್ಚು, ಚೂರಿ ಮತ್ತು ತಂಗಡಿ ಗಿಡ: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯಲ್ಲಿ ಅಲಗಿನ ಚರಿತ್ರೆ

ಚಿತ್ರದುರ್ಗ ಜಿಲ್ಲೆಯ ಈಶಾನ್ಯದ ಅಂಚಿನಲ್ಲಿ, ಒಂದು ಕಡೆ ಬಳ್ಳಾರಿ ಸೀಮೆಗೂ ಇನ್ನೊಂದು ಕಡೆ ಆಂಧ್ರದ ಅನಂತಪುರ ಜಿಲ್ಲೆಗೂ ತಾಗಿಕೊಂಡಿರುವ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ನೆಲಗಳ ಸಾಲಿಗೆ ಸೇರಿದವು. ಬಂಡೆಗುಡ್ಡಗಳು, ಮುಳ್ಳಿನ ಕುರುಚಲು, ಅಮೃತಮಹಲ್ ದನಗಳಿಗಾಗಿ ಕಾದಿರಿಸಿದ ಹುಲ್ಲಿನ ಕಾವಲುಗಳು, ಬೇಸಿಗೆಯಲ್ಲಿ ಒಣಗಿ ಮಲಗುವ ವೇದಾವತಿ, ಇವುಗಳ ನಡುವೆ ಬದುಕಿದ ಮ್ಯಾಸಬೇಡರು, ಕಾಡುಗೊಲ್ಲರು ಮತ್ತು ಕುರುಬರಲ್ಲಿ ಅನೇಕರು ದನಕುರಿಗಳ ಹಿಂದೆ ವರ್ಷದಲ್ಲಿ ಹಲವು ತಿಂಗಳು ಊರಾಚೆ ಬೀಡುಬಿಡುತ್ತಿದ್ದರು; ಹಸಿವಿಗಾಗಿಯೂ ಹಬ್ಬಕ್ಕಾಗಿಯೂ ಬೇಟೆಯಾಡುತ್ತಿದ್ದರು. ಮಡಿಸಲು ಬಾರದ, ಹಿಡಿಯೊಳಗೆ ಕದಲದಂತೆ ಕಚ್ಚಿಸಿದ ಅಲಗಿನ ಚಾಕುವನ್ನು ಹೇಗೆ ಆರಿಸಬೇಕು ಎಂಬ ಪ್ರಶ್ನೆಯನ್ನು ಇಂದು ಚಾರಣಪ್ರಿಯರ ಸಾಮಗ್ರಿ ಮಾರುವ ಅಂಗಡಿಗಳು ತೀರ ಹೊಸದೆಂಬಂತೆ ಮುಂದಿಡುತ್ತವೆ. ಆದರೆ ಈ ಸೀಮೆಯ ದನಗಾಹಿ ಮತ್ತು ಬೇಟೆಗಾರ ತಮ್ಮ ಕಮ್ಮಾರನೊಡನೆ ಅದೇ ಪ್ರಶ್ನೆಯನ್ನು ತಲೆಮಾರುಗಳ ಕಾಲ ಚರ್ಚಿಸಿಕೊಂಡು ಬಂದವರು. ಅವರು ಕಂಡುಕೊಂಡ ಉತ್ತರದಲ್ಲಿ ಎರಡು ಅಂಶಗಳು ಎದ್ದು ಕಾಣುತ್ತವೆ. ಎಲ್ಲ ಕೆಲಸಕ್ಕೂ ಒಂದೇ ಅಲಗು ಎಂಬ ಕಲ್ಪನೆಗೆ ಇಲ್ಲಿ ಎಂದೂ ನೆಲೆ ಸಿಕ್ಕಲಿಲ್ಲ, ಕಡಿಯುವುದಕ್ಕೆ ಭಾರದ ಮಚ್ಚು ಮತ್ತು ಕುಯ್ಯುವುದಕ್ಕೆ ತೆಳುವಾದ ಚೂರಿ ಬೇರೆ ಬೇರೆಯಾಗಿಯೇ ಉಳಿದವು. ಮತ್ತು ಇವೆರಡೂ ಮೊದಲಿಗೆ ಕೊಲ್ಲುವ ಆಯುಧಗಳಾಗಿರಲಿಲ್ಲ.

ಈ ಇಬ್ಭಾಗ ಕಬ್ಬಿಣಕ್ಕಿಂತಲೂ ಹಳೆಯದು. ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಬಳಿಯ ಬ್ರಹ್ಮಗಿರಿಯಲ್ಲಿ 1940ರ ದಶಕದ ಮೊದಲ ವರ್ಷಗಳಲ್ಲಿ ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರೂ, 1947ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಮಾರ್ಟಿಮರ್ ವೀಲರ್ ಅವರೂ ಉತ್ಖನನ ನಡೆಸಿದರು. ವೀಲರ್ ಅಲ್ಲಿನ ಮಣ್ಣಿನ ಪದರಗಳನ್ನು ಮೂರು ಸಂಸ್ಕೃತಿಗಳಾಗಿ ವಿಂಗಡಿಸಿದರು: ಕೆಳಗೆ ಕಲ್ಲುಕೊಡಲಿಯ ಸಂಸ್ಕೃತಿ, ಅದರ ಮೇಲೆ ದೊಡ್ಡ ಕಲ್ಲುಗಳಿಂದ ಸಮಾಧಿ ಕಟ್ಟುತ್ತಿದ್ದ ಬೃಹತ್ ಶಿಲಾಯುಗದ ಸಂಸ್ಕೃತಿ, ಅದರ ಮೇಲೆ ಅವರು ಆಂಧ್ರ ಸಂಸ್ಕೃತಿ ಎಂದು ಕರೆದ ಆರಂಭಿಕ ಚಾರಿತ್ರಿಕ ಕಾಲದ ಪದರ. ಕೆಳಗಿನ ಪದರದಲ್ಲಿ ಎರಡು ಬಗೆಯ ಕಲ್ಲಿನ ಉಪಕರಣಗಳು ಒಟ್ಟಿಗೆ ದೊರೆತವು. ಒಂದು, ಕರಿಯ ಟ್ರ್ಯಾಪ್ ಶಿಲೆಯನ್ನು ಕುಟ್ಟಿ, ಉಜ್ಜಿ, ನುಣುಪು ಮಾಡಿದ ಕೊಡಲಿ. ಇನ್ನೊಂದು, ಜಾಸ್ಪರ್, ಅಗೇಟ್, ಸ್ಫಟಿಕ ಮುಂತಾದ ಗಾಜಿನಂತೆ ಒಡೆಯುವ ಶಿಲೆಗಳಿಂದ ಎಬ್ಬಿಸಿದ ಚಿಕ್ಕ ಚಕ್ಕೆಗಳು, ಅಂದರೆ ಸೂಕ್ಷ್ಮ ಶಿಲಾಯುಧಗಳು. ಇಂಥ ಚಕ್ಕೆಯ ಅಂಚು ಹೊಸದಾಗಿ ಒಡೆದಾಗ ಅತ್ಯಂತ ಹರಿತವಾಗಿರುತ್ತದೆ, ತೊಗಲನ್ನೂ ಮಾಂಸವನ್ನೂ ಸಲೀಸಾಗಿ ಸೀಳುತ್ತದೆ, ಆದರೆ ಅದರಿಂದ ಜಾಲಿಯ ಕೊಂಬೆಯೊಂದನ್ನು ಕಡಿಯಹೊರಟರೆ ಕೂಡಲೇ ಮುರಿಯುತ್ತದೆ. ಟ್ರ್ಯಾಪ್ ಕೊಡಲಿ ಮರ ಕಡಿಯುತ್ತದೆ, ತೊಗಲು ಸುಲಿಯಲಾರದು. ಗಡಸುತನ ಹೆಚ್ಚಿದಂತೆ ಪೆಟ್ಟು ತಾಳುವ ಶಕ್ತಿ ಕುಗ್ಗುತ್ತದೆ ಎಂಬ, ಇಂದಿಗೂ ಯಾವ ಉಕ್ಕಿನ ತಯಾರಕನೂ ಪೂರ್ತಿಯಾಗಿ ದಾಟಲಾಗದ ನಿಯಮವನ್ನು ಬ್ರಹ್ಮಗಿರಿಯ ನವಶಿಲಾಯುಗದ ಜನ ಎರಡು ಬಗೆಯ ಕಲ್ಲನ್ನು ಬಳಸಿ ನಿಭಾಯಿಸಿದ್ದರು.

ಬೃಹತ್ ಶಿಲಾಯುಗದ ಸಮಾಧಿಗಳಲ್ಲಿ ಸತ್ತವರ ಜೊತೆ ಮಡಕೆಗಳನ್ನೂ ಕಬ್ಬಿಣದ ವಸ್ತುಗಳನ್ನೂ ಇಡಲಾಗಿತ್ತು. ಕುಡುಗೋಲು, ಬಾಣದ ಮೊನೆ ಮತ್ತು ಚೂರಿಗಳು ಅಲ್ಲಿ ಒಂದೇ ಗುಂಪಿನಲ್ಲಿ ಬರುತ್ತವೆ. ಬೇಸಾಯದ ಉಪಕರಣ, ಬೇಟೆಯ ಉಪಕರಣ ಎಂದು ಅವನ್ನು ಬೇರ್ಪಡಿಸಿ ಹೂತಿದ್ದಂತೆ ತೋರುವುದಿಲ್ಲ. ಈ ಕಬ್ಬಿಣ ಸುಮಾರು ಕ್ರಿ.ಪೂ. 200ಕ್ಕಿಂತ ಹಿಂದಿನದಲ್ಲ ಎಂದು ವೀಲರ್ ಬಗೆದಿದ್ದರು. ಆದರೆ ಮುಂದೆ ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ನಡೆದ ಉತ್ಖನನದಲ್ಲಿ ದೊರೆತ ಕಬ್ಬಿಣದ ಪದರಕ್ಕೆ ಇಂಗಾಲದ ಕಾಲಮಾಪನ ಕ್ರಿ.ಪೂ. 1000ದ ಆಸುಪಾಸನ್ನು ಸೂಚಿಸಿದುದರಿಂದ ದಕ್ಷಿಣದ ಕಬ್ಬಿಣಯುಗದ ಆರಂಭವೇ ಬಹಳ ಹಿಂದಕ್ಕೆ ಸರಿಯಿತು. ಹಾಗಾದರೆ ಈ ಭಾಗದಲ್ಲಿ ಕಬ್ಬಿಣದ ಅಲಗಿಗೆ ಕನಿಷ್ಠ ಎರಡೂವರೆ ಸಾವಿರ ವರ್ಷಗಳ ಹಿನ್ನೆಲೆಯನ್ನು ಹೇಳಬಹುದು.

ಇದೇ ಬ್ರಹ್ಮಗಿರಿಯಲ್ಲಿ, ಪಕ್ಕದ ಸಿದ್ದಾಪುರದಲ್ಲಿ ಮತ್ತು ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಬಿ.ಎಲ್. ರೈಸ್ 1892ರಲ್ಲಿ ಗುರುತಿಸಿದ ಅಶೋಕನ ಲಘು ಶಿಲಾಶಾಸನಗಳಿವೆ. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ, ಅಂದರೆ ಇಲ್ಲಿನ ಆಡಳಿತಾಧಿಕಾರಿಗಳಿಗೆ, ಕಳುಹಿಸಿದ ಆ ಆದೇಶ ತಂದೆತಾಯಿಗಳಿಗೆ ವಿಧೇಯರಾಗಿರುವುದು, ನಿಜ ನುಡಿಯುವುದು ಇವುಗಳ ಜೊತೆಗೆ ಪ್ರಾಣಿಗಳ ವಿಷಯದಲ್ಲಿ ದೃಢವಾದ ದಯೆ ತೋರುವುದನ್ನೂ ಹೇಳುತ್ತದೆ. ಕಬ್ಬಿಣದ ಚೂರಿ ಮತ್ತು ಬಾಣದ ಮೊನೆಗಳನ್ನು ಗೋರಿಯೊಳಕ್ಕೂ ಒಯ್ಯುತ್ತಿದ್ದ ಜನರ ನೆರೆಯಲ್ಲಿ, ಕರ್ನಾಟಕದ ಅತ್ಯಂತ ಹಳೆಯ ಬರಹಗಳಲ್ಲಿ ಒಂದು ಈ ಮಾತನ್ನು ಕೆತ್ತಿಸಿಕೊಂಡು ನಿಂತಿರುವುದು ಗಮನಿಸತಕ್ಕ ಸಂಗತಿ. ಆದೇಶ ಬೇಟೆಯನ್ನು ಎಷ್ಟರ ಮಟ್ಟಿಗೆ ತಡೆಯಿತೆಂಬುದನ್ನು ಬಂಡೆ ಹೇಳುವುದಿಲ್ಲ. ಆದರೆ ಬೇಟೆಗಾರರ ನೆಲದಲ್ಲಿ ಬೇಟೆಯನ್ನು ಕುರಿತು ಪ್ರಭುತ್ವ ಆಡಿದ ಮೊದಲ ಮಾತು ಇದು, ಕೊನೆಯದಂತೂ ಅಲ್ಲ.

ಮಧ್ಯಕಾಲದ ಬರಹ ಮತ್ತು ಶಿಲ್ಪಗಳಲ್ಲಿ ಬೇಟೆಗೆ ಬೇಕಾದಷ್ಟು ಎಡೆಯಿದೆ, ಚೂರಿಗೆ ಕಡಿಮೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲರ್ಧದಲ್ಲಿ ರಚಿಸಿದ ಸಂಸ್ಕೃತ ವಿಶ್ವಕೋಶ ‘ಮಾನಸೋಲ್ಲಾಸ’ ಜಿಂಕೆ ಬೇಟೆಯ ಬಗೆಗಳನ್ನು ವಿಸ್ತಾರವಾಗಿ ವರ್ಣಿಸುತ್ತದೆ. ಅಲಗಿನ ಕೆಲಸ ಅದರಲ್ಲಿ ತಲೆಯೆತ್ತುವುದು ಅಡುಗೆಯ ಭಾಗದಲ್ಲಿ, ಕಾಡುಹಂದಿಯ ಮೈಗೂದಲನ್ನು ಬಿಸಿನೀರಿನಿಂದಲೋ ಬೆಂಕಿಯಿಂದಲೋ ತೆಗೆದು, ಮಾಂಸವನ್ನು ತುಂಡರಿಸುವ ವಿಧಾನವನ್ನು ಹೇಳುವಾಗ. ಮಂಡ್ಯ ಜಿಲ್ಲೆಯ ಆತಕೂರಿನ 10ನೇ ಶತಮಾನದ ಪ್ರಸಿದ್ಧ ಶಾಸನ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯನ್ನು ಹೆಸರಿಸಿ ಗೌರವಿಸುತ್ತದೆ. ಹುಲಿಯೊಡನೆ ಸೆಣಸಿ ಮಡಿದವರ ವೀರಗಲ್ಲುಗಳಲ್ಲಿ ಮಾತ್ರ ಕಿರಿದಾದ ಅಲಗು ಕೊಲ್ಲುವ ಆಯುಧವಾಗಿ ಕಾಣಿಸುತ್ತದೆ, ಮತ್ತು ಅದು ಕಾಣಿಸುವುದು ಬೇರೆ ದಾರಿಯೇ ಉಳಿಯದ ಗಳಿಗೆಯಲ್ಲಿ. ಬಿಲ್ಲು, ಬಲೆ, ಉರುಲು, ಈಟಿ ಮತ್ತು ನಾಯಿ ಬೇಟೆಯ ಮುಂಚೂಣಿಯಲ್ಲಿದ್ದರೆ, ಚೂರಿಯ ಸರದಿ ಬರುತ್ತಿದ್ದುದು ಪ್ರಾಣಿ ಬಿದ್ದ ಮೇಲೆ. ದೊರೆಗಳ ಬೇಟೆಯ ವರ್ಣನೆಯಲ್ಲಿ ಅದಕ್ಕೆ ಸ್ಥಾನ ಸಿಗದಿರುವುದಕ್ಕೆ ಅದು ಆಳುಗಳ ಕೈಯಲ್ಲಿದ್ದುದೇ ಕಾರಣವೆಂದು ಊಹಿಸಿದರೆ ತಪ್ಪಾಗಲಾರದು.

ಈ ಅಲಗಿಗೆ ಬೇಕಾದ ಲೋಹ ಎಲ್ಲಿಂದ ಬರುತ್ತಿತ್ತೆಂಬುದನ್ನು ತಿಳಿಯಲು ಅತ್ಯಂತ ವಿವರವಾದ ಸಾಕ್ಷ್ಯ ಫ್ರಾನ್ಸಿಸ್ ಬುಕಾನನ್ ಅವರದು. ಟಿಪ್ಪು ಸುಲ್ತಾನನ ಪತನದ ಬೆನ್ನಿಗೆ, 1800–01ರಲ್ಲಿ, ಕಂಪನಿ ಸರ್ಕಾರದ ಅಪ್ಪಣೆಯಂತೆ ಮೈಸೂರು ಸೀಮೆಯನ್ನು ಸುತ್ತಿದ ಈ ವೈದ್ಯ ತನ್ನ ವರದಿಯನ್ನು 1807ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟಿಸಿದ. ಚಳ್ಳಕೆರೆಯ ದಕ್ಷಿಣಕ್ಕಿರುವ ಮಧುಗಿರಿ ಸೀಮೆಯಲ್ಲಿ ಮಳೆಗಾಲದ ಹಳ್ಳಗಳು ತಂದು ಹಾಕುವ ಕಪ್ಪು ಮರಳನ್ನು ತೊಳೆದು, ಇದ್ದಿಲಿನ ಜೊತೆ ಮಣ್ಣಿನ ಸಣ್ಣ ಕುಲುಮೆಗೆ ಸುರಿದು, ತೊಗಲಿನ ತಿದಿಗಳಿಂದ ಗಾಳಿ ಊದಿ ಕಬ್ಬಿಣ ತೆಗೆಯುವುದನ್ನು ಅವನು ದಾಖಲಿಸಿದ್ದಾನೆ. ಹೀಗೆ ಬಂದ ಕಬ್ಬಿಣ ಮೆದು. ಅದರಿಂದ ನೇಗಿಲ ಗುಳ ಮಾಡಬಹುದು, ಹರಿತವಾದ ಅಲಗನ್ನು ಮಾಡಲಾಗದು, ಏಕೆಂದರೆ ಹರಿತವನ್ನು ಹಿಡಿದಿಟ್ಟುಕೊಳ್ಳಲು ಕಬ್ಬಿಣದಲ್ಲಿ ಇಂಗಾಲ ಸ್ವಲ್ಪ ಪ್ರಮಾಣದಲ್ಲಿ ಬೆರೆತು ಅದು ಉಕ್ಕಾಗಬೇಕು. ಆ ಬೆರಕೆಗಾಗಿ ಕಬ್ಬಿಣದ ಬೆಣೆಯಾಕಾರದ ತುಂಡನ್ನು ಹಸಿ ಮಣ್ಣಿನ ಮೂಸೆಯೊಳಗಿಟ್ಟು, ಅದರೊಡನೆ ತೂಕ ಮಾಡಿದ ತಂಗಡಿ ಗಿಡದ ಕಡ್ಡಿಗಳನ್ನೂ ಒಂದು ಬಗೆಯ ಬಳ್ಳಿಯ ಎರಡು ಹಸಿರೆಲೆಗಳನ್ನೂ ಹಾಕಿ, ಬಾಯಿಯನ್ನು ಮಣ್ಣಿನಿಂದ ಮುಚ್ಚಿ, ಮೂಸೆಗಳನ್ನು ಕುಲುಮೆಯಲ್ಲಿ ಒಟ್ಟಿ ಕಾಸುತ್ತಿದ್ದರು. ಒಳಗಿನ ಸೌದೆ ಗಾಳಿಯಿಲ್ಲದೆ ಸುಟ್ಟು ಇದ್ದಿಲಾಗಿ ತನ್ನ ಇಂಗಾಲವನ್ನು ಕಬ್ಬಿಣಕ್ಕೆ ಬಿಟ್ಟುಕೊಡುತ್ತಿತ್ತು, ಕಬ್ಬಿಣ ಕರಗಿ ಗಟ್ಟಿಯಾದಾಗ ಅದರ ಮೇಲ್ಮೈಯಲ್ಲಿ ಹರಳುಗಟ್ಟಿದ ಗೆರೆಗಳು ಮೂಡುತ್ತಿದ್ದವು.

ಯುರೋಪಿನವರು ಇದೇ ಬಗೆಯ ಮೂಸೆಯುಕ್ಕಿನ ರಹಸ್ಯವನ್ನು ಹುಡುಕುತ್ತಿದ್ದ ಕಾಲವದು. ಜಾರ್ಜ್ ಪಿಯರ್ಸನ್ 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಭಾರತದ ಉಕ್ಕನ್ನು ಕುರಿತು ಪ್ರಬಂಧ ಓದಿದ್ದ. ಚಾಕು ಮತ್ತು ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ಮಾಡುತ್ತಿದ್ದ ಜೇಮ್ಸ್ ಸ್ಟೋಡಾರ್ಟ್ ಮತ್ತು ವಿಜ್ಞಾನಿ ಮೈಕೆಲ್ ಫ್ಯಾರಡೆ ಅದರ ಮೇಲೆ ಪ್ರಯೋಗ ನಡೆಸಿದರು. ಶೇಕಡಾ 1ಕ್ಕಿಂತ ಹೆಚ್ಚು ಇಂಗಾಲವಿದ್ದ ಆ ಉಕ್ಕು ಅತಿ ಗಡಸು, ದುಬಾರಿ, ಮತ್ತು ಬಡಿಯಲು ಕಷ್ಟವಾದುದು. ಹಳ್ಳಿಯ ಕಮ್ಮಾರ ಇಡೀ ಮಚ್ಚನ್ನು ಅದರಿಂದ ಮಾಡುವುದು ಯೋಚಿಸಲಾಗದ ಮಾತು. ಮೆದು ಕಬ್ಬಿಣದ ಮೈಗೆ ಬಾಯಿಯ ಅಂಚಿನಲ್ಲಷ್ಟೇ ಉಕ್ಕಿನ ಪಟ್ಟಿಯನ್ನು ಕಾಸಿ ಬೆಸೆಯುವ ಪದ್ಧತಿ ಜಗತ್ತಿನ ಅನೇಕ ಕಡೆಗಳಂತೆ ಭಾರತದಲ್ಲೂ ರೂಢಿಯಲ್ಲಿತ್ತು. ಬೆನ್ನು ಮೆದುವಾಗಿ ಪೆಟ್ಟು ತಾಳುತ್ತದೆ, ಬಾಯಿ ಗಡಸಾಗಿ ಹರಿತ ಉಳಿಸಿಕೊಳ್ಳುತ್ತದೆ. ಬ್ರಹ್ಮಗಿರಿಯ ಕೊಡಲಿ ಮತ್ತು ಚಕ್ಕೆಗಳು ಹೀಗೆ ಒಂದೇ ಉಪಕರಣದೊಳಗೆ ಕೂಡಿದವೆನ್ನಬಹುದು, ಆದರೂ ಮಚ್ಚು ಮತ್ತು ಚೂರಿ ಎಂಬ ಭೇದ ಅಳಿಯಲಿಲ್ಲ.

ತಂಗಡಿ ಗಿಡದ ವಿಷಯದಲ್ಲಿ ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಆವರಿಕೆ ಎಂದೂ ಕರೆಯಲಾಗುವ, ಹಳದಿ ಹೂವಿನ ಈ ಪೊದೆ ಚಳ್ಳಕೆರೆ–ಮೊಳಕಾಲ್ಮೂರಿನ ಬಂಜರುಗಳಲ್ಲಿ ಯಾರೂ ನೆಡದೆ ಬೆಳೆಯುತ್ತದೆ, ದನಗಳು ಅದನ್ನು ಅಷ್ಟಾಗಿ ಮುಟ್ಟುವುದೂ ಇಲ್ಲ. ಅದರ ಕಡ್ಡಿ ಉಕ್ಕಿಗೆ ಇಂಗಾಲ ಕೊಟ್ಟರೆ, ಅದರ ತೊಗಟೆಯಲ್ಲಿರುವ ಒಗರು ದ್ರವ್ಯ ತೊಗಲನ್ನು ಕೊಳೆಯದಂತೆ ಹದಮಾಡುತ್ತದೆ. 20ನೇ ಶತಮಾನದಲ್ಲಿ ದಕ್ಷಿಣ ಆಫ್ರಿಕದ ವ್ಯಾಟಲ್ ತೊಗಟೆ ಮತ್ತು ಕ್ರೋಮಿಯಂ ಲವಣಗಳು ಬಂದು ಅದರ ಸ್ಥಾನ ಕಸಿಯುವ ತನಕ ದಕ್ಷಿಣ ಭಾರತದ ತೊಗಲಿನ ಉದ್ಯಮಕ್ಕೆ ತಂಗಡಿ ತೊಗಟೆಯೇ ಮುಖ್ಯ ಆಧಾರವಾಗಿತ್ತು. ಕುಲುಮೆಯ ತಿದಿ ಮೇಕೆಯ ತೊಗಲಿನದು. ಚೂರಿಯ ಒರೆಯೂ ತೊಗಲಿನದೇ. ಹೀಗೆ ಅಲಗು, ಅದನ್ನು ಕಾಸಿದ ಗಾಳಿ ಮತ್ತು ಅದನ್ನು ಮುಚ್ಚಿದ ಒರೆ ಈ ಮೂರರ ಹಿಂದೆಯೂ ಒಂದೇ ಗಿಡವಿತ್ತು. ಚರ್ಮದ ಕೆಲಸ ಮಾಡುತ್ತಿದ್ದ ಮಾದಿಗರು ಮತ್ತು ಕಬ್ಬಿಣದ ಕೆಲಸ ಮಾಡುತ್ತಿದ್ದ ಕಮ್ಮಾರರು ಊರಿನ ವ್ಯವಸ್ಥೆಯಲ್ಲಿ ಬಹಳ ದೂರದೂರದ ಸ್ಥಾನಗಳಲ್ಲಿದ್ದರೂ, ಅವರಿಬ್ಬರ ಕೆಲಸವೂ ಸೇರದೆ ಬೇಟೆಗಾರನ ಸೊಂಟದ ಉಪಕರಣ ಪೂರ್ಣವಾಗುತ್ತಿರಲಿಲ್ಲ. ಬೇಟೆಯ ಕಥೆಗಳು ಈ ಇಬ್ಬರನ್ನೂ ಮರೆತಿವೆ.

ಕಮ್ಮಾರ ಹಳ್ಳಿಯ ಆಯಗಾರರಲ್ಲಿ ಒಬ್ಬ. ಊರಿನ ಸೇವೆಗೆ ಪ್ರತಿಯಾಗಿ ಸುಗ್ಗಿಯಲ್ಲಿ ಕಣದಿಂದ ಧಾನ್ಯದ ಪಾಲನ್ನು, ಅಂದರೆ ಆಯವನ್ನು, ಪಡೆಯುತ್ತಿದ್ದವರನ್ನು ಆಯಗಾರರೆನ್ನುತ್ತಾರೆ. ಈ ಏರ್ಪಾಡು ಚಾಕುವಿನ ಆಯ್ಕೆಯ ಮೇಲೆ ಬೀರಿದ ಪ್ರಭಾವವನ್ನು ಸಾಮಾನ್ಯವಾಗಿ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅಲಗು ಮಾಡಿದವನೇ ಅದನ್ನು ವರ್ಷವರ್ಷವೂ ಹಣಿಯಬೇಕು, ಸವೆದ ಬಾಯಿಯನ್ನು ಕಾಸಿ ಬಡಿದು ಮತ್ತೆ ತೆಳುವಾಗಿಸಬೇಕು, ಸಡಿಲವಾದ ಹಿಡಿಯನ್ನು ಬಿಗಿಮಾಡಬೇಕು, ಮತ್ತು ಇದಕ್ಕೆ ಬೇರೆ ಕೂಲಿ ಇಲ್ಲವೆಂದಾಗ, ಬೇಗ ಕೆಡುವ ಅಲಗು ಮಾಡುವುದರಿಂದ ಕಮ್ಮಾರನಿಗೇ ನಷ್ಟ. ತಯಾರಕನೂ ರಿಪೇರಿ ಮಾಡುವವನೂ ಒಬ್ಬನೇ ಆಗಿರುವ ಮಾರುಕಟ್ಟೆಯಲ್ಲಿ ಕೊಳ್ಳುವವನು ಉಕ್ಕಿನ ರಸಾಯನಶಾಸ್ತ್ರ ಅರಿಯಬೇಕಾದ ಅಗತ್ಯವಿರಲಿಲ್ಲ.

ಅಲಗಿನ ಗುಣವನ್ನು ನಿರ್ಣಯಿಸುವ ಘಟ್ಟವೆಂದರೆ ಹದ ಹಾಕುವುದು. ಬಡಿದು ರೂಪ ಕೊಟ್ಟ ಅಲಗನ್ನು ಕೆಂಪಗೆ, ಇಂದಿನ ಅಳತೆಯಲ್ಲಿ ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೆ, ಕಾಸಿ ನೀರಿಗೋ ಎಣ್ಣೆಗೋ ಅದ್ದಿದಾಗ ಉಕ್ಕು ಗಡಸಾಗುತ್ತದೆ, ಆದರೆ ಬಿದ್ದರೆ ಒಡೆಯುವಷ್ಟು ಪೆಡಸೂ ಆಗುತ್ತದೆ. ಆಮೇಲೆ ಮತ್ತೆ ಮೆಲ್ಲಗೆ ಕಾಸಿ, ಉಜ್ಜಿ ಹೊಳಪು ಮಾಡಿದ ಜಾಗದಲ್ಲಿ ಒಣಹುಲ್ಲಿನ ಬಣ್ಣ ಕಂಡಾಗ, ಅಂದರೆ 200 ಡಿಗ್ರಿ ದಾಟಿದಾಗ, ನಿಲ್ಲಿಸಿದರೆ ಪೆಡಸುತನ ಇಳಿದು ಗಡಸುತನ ಬಹುಪಾಲು ಉಳಿಯುತ್ತದೆ. ಬಣ್ಣ ನೀಲಿಗೆ ತಿರುಗುವ ತನಕ ಕಾಸಿದರೆ ಅಲಗು ಇನ್ನಷ್ಟು ಮೆದುವಾಗಿ ಕೊಡಲಿಗೂ ಮಚ್ಚಿಗೂ ಒಪ್ಪುತ್ತದೆ. ಕುಲುಮೆಗಳು ಮಬ್ಬು ಬೆಳಕಿನಲ್ಲಿರುವುದಕ್ಕೆ ಕಾರಣ ಬಡತನವಷ್ಟೇ ಅಲ್ಲ. ಬಿಸಿಲಿನಲ್ಲಿ ಕೆಂಪಿನ ಛಾಯೆಗಳು ಕಣ್ಣಿಗೆ ತಿಳಿಯುವುದಿಲ್ಲ. ನೀರು ಬೇಗ ತಣಿಸುತ್ತದೆ, ತೆಳು ಅಲಗು ಸೀಳುವ ಅಪಾಯವುಂಟು. ಎಣ್ಣೆ ನಿಧಾನ ಮತ್ತು ಸುರಕ್ಷಿತ. ಚಳ್ಳಕೆರೆ ಶೇಂಗಾ ಎಣ್ಣೆಯ ಗಿರಣಿಗಳಿಗೆ ಹೆಸರಾದ ಊರು. ಅಮೆರಿಕದ ಹವ್ಯಾಸಿ ಚಾಕು ತಯಾರಕರಲ್ಲಿ ಕೆಲವರು ಇಂದು ಹದಕ್ಕಾಗಿ ಬಳಸುವುದು ಅದೇ ಎಣ್ಣೆಯನ್ನು.

ರೂಪದ ವಿಷಯದಲ್ಲಿ ಕೆಲಸವೇ ಅಳತೆಗೋಲು. ಮಂದೆಯ ಜೊತೆ ಬೀಡುಬಿಡುವವನಿಗೆ ಮೊದಲು ಬೇಕಾದುದು ರೊಪ್ಪ, ಅಂದರೆ ರಾತ್ರಿ ಕುರಿಗಳನ್ನು ಕೂಡುವ ಮುಳ್ಳುಬೇಲಿಯ ಆವರಣ. ಅದಕ್ಕಾಗಿ ಜಾಲಿ, ಕಾರೆ, ಕವಳೆಯ ಕೊಂಬೆಗಳನ್ನು ಕಡಿಯಲು ಅಗಲವಾದ, ತೂಕವೆಲ್ಲ ಮುಂದಕ್ಕೆ ಬೀಳುವಂತೆ ಮಾಡಿದ, ಬೆನ್ನು ದಪ್ಪವಾದ ಮಚ್ಚು ಬೇಕು. ಅದರ ಬಾಯಿಯನ್ನು ಅತಿ ತೆಳುವಾಗಿ ಸಾಣೆ ಹಿಡಿಯುವುದಿಲ್ಲ, ಹಿಡಿದರೆ ಮೊದಲ ಗಂಟಿನಲ್ಲೇ ಬಾಯಿ ಮುಕ್ಕಾಗುತ್ತದೆ. 19ನೇ ಶತಮಾನದ ಕೊನೆಯ ಭಾಗದಲ್ಲಿ ಭಾರತಕ್ಕೆ ಬಂದು ಈಗ ಬಳ್ಳಾರಿ ಜಾಲಿ ಎಂಬ ಹೆಸರಿನಲ್ಲಿ ಈ ಬಯಲನ್ನೆಲ್ಲ ಆವರಿಸಿರುವ ಗಿಡದ ಕಟ್ಟಿಗೆಯೂ ಗಟ್ಟಿಯಾದ್ದರಿಂದ ಮಚ್ಚಿನ ಅಗತ್ಯ ಕಡಿಮೆಯಾಗುವ ಬದಲು ಹೆಚ್ಚಿತು. ಚೂರಿಯದು ಬೇರೆಯೇ ಲೆಕ್ಕ. ಮೊಲ, ಕೌಜುಗ, ಕುರಿ ಅಥವಾ ಹಂದಿಯ ತೊಗಲು ಬಿಡಿಸಲು, ಕೀಲು ಸಂದುಗಳನ್ನು ಕಡಿಯದೆ ಕುಯ್ದು ಬೇರ್ಪಡಿಸಲು, ಹಗ್ಗ ಕತ್ತರಿಸಲು, ಕುರಿಯ ಗೊರಸಿನ ಸಂದಿನ ಮುಳ್ಳು ತೆಗೆಯಲು ನಾಲ್ಕೈದು ಅಂಗುಲದ ತೆಳು ಅಲಗು ಸಾಕು. ಅದಕ್ಕಿಂತ ಉದ್ದವಾದರೆ ಮೊನೆ ಎಲ್ಲಿದೆ ಎಂಬುದು ಕೈಗೆ ತಿಳಿಯದೆ ಕರುಳು ತೂತಾಗಿ ಮಾಂಸ ಕೆಡುತ್ತದೆ. ಬಾಯಿ ಒಂದೇ ಕಡೆ ಇರುತ್ತದೆ, ಏಕೆಂದರೆ ಸುಲಿಯುವಾಗ ತೋರುಬೆರಳನ್ನು ಅಲಗಿನ ಬೆನ್ನಿನ ಮೇಲೆ ಊರಬೇಕಾಗುತ್ತದೆ.

ಹಿಡಿಯ ರಚನೆಯಲ್ಲಿ ಇಲ್ಲಿನ ಪದ್ಧತಿ ಸರಳ. ಅಲಗಿನ ಹಿಂಭಾಗವನ್ನು ಚೂಪಾದ ಕಡ್ಡಿಯಂತೆ ಎಳೆದು, ಅದನ್ನು ಕಾಸಿ ಗಟ್ಟಿಮರದ ಹಿಡಿಯೊಳಕ್ಕೆ ಸುಡುತ್ತ ಇಳಿಸಿ, ಸಂದಿಗೆ ಅರಗು ತುಂಬಿ, ಮರ ಸೀಳದಂತೆ ಕೊರಳಿಗೆ ಕಬ್ಬಿಣದ ಬಳೆ ಬಿಗಿಯುತ್ತಾರೆ. ಹಿಡಿಯಷ್ಟೇ ಅಗಲ ಮತ್ತು ಉದ್ದಕ್ಕೆ ಉಕ್ಕನ್ನು ಚಾಚಿ ಎರಡು ಬದಿಗೂ ಮರದ ಚಕ್ಕೆ ಹೊಡೆಯುವ ಇಂದಿನ ವಿಧಾನವೇ ಶ್ರೇಷ್ಠವೆಂದು ಮಾರಾಟಗಾರರು ಸಾರುತ್ತಾರೆ. ಮರದ ತುಂಡಿಗೆ ಚಾಕುವಿಟ್ಟು ಬಡಿದು ಸೌದೆ ಸೀಳುವವನಿಗೆ ಅದು ನಿಜ, ಆದರೆ ಸೀಳಲು ಮಚ್ಚು ಬೇರೆಯೇ ಇರುವವನ ಚೂರಿಗೆ ಅಷ್ಟು ಉಕ್ಕು ಬರಿಯ ಭಾರ. ಉತ್ತರ ಯುರೋಪಿನ ಫಿನ್ಲೆಂಡಿನವರ ಪುಕ್ಕೊ ಎಂಬ ಚಾಕುವೂ ಹೀಗೆಯೇ ಗಿಡ್ಡ ಅಲಗು, ಒಂದೇ ಬಾಯಿ, ಹಿಡಿಯೊಳಗೆ ಅಡಗುವ ಕಡ್ಡಿ ಮತ್ತು ತೊಗಲ ಒರೆಗಳನ್ನು ಹೊಂದಿದೆ. ಹಿಮದ ನಾಡೂ ಬರದ ನಾಡೂ ಪರಸ್ಪರ ಅರಿಯದೆ ಒಂದೇ ರೂಪಕ್ಕೆ ಬಂದುದಕ್ಕೆ ಅಲ್ಲಿಯೂ ಭಾರದ ಕೆಲಸವನ್ನು ಕೊಡಲಿ ವಹಿಸಿಕೊಂಡಿದ್ದುದೇ ಕಾರಣ. ಕೈ ಜಾರಿ ಬಾಯಿಗೆ ತಾಗದಂತೆ ತಡೆಯುವ ಅಡ್ಡಪಟ್ಟಿ ಎರಡರಲ್ಲೂ ಇರುವುದಿಲ್ಲ, ಅದು ತಿವಿಯುವ ಬಾಕುವಿಗೆ ಬೇಕಾದ ಅಂಗ.

ತಿವಿಯುವ ಅಲಗುಗಳು ಈ ಸೀಮೆಯಲ್ಲಿ ಇರಲಿಲ್ಲವೆಂದಲ್ಲ. 1568ರಿಂದ 1779ರವರೆಗೆ ಚಿತ್ರದುರ್ಗವನ್ನಾಳಿದ ಪಾಳೆಯಗಾರರು ಬೇಡ ಸಮುದಾಯಕ್ಕೆ ಸೇರಿದವರು, ಅವರ ಕಾಲಾಳು ಸೇನೆಯ ಬೆನ್ನೆಲುಬೂ ಬೇಡರೇ. ಕೊನೆಯ ಮದಕರಿನಾಯಕನನ್ನು ಸೋಲಿಸಿದ ಹೈದರಾಲಿ ಸುಮಾರು 20,000 ಮಂದಿ ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಎಳೆಯ ಹುಡುಗರನ್ನು ಚೇಲಾ ಪಡೆಗಳಿಗೆ, ಅಂದರೆ ಸೆರೆಹಿಡಿದ ಹುಡುಗರಿಂದ ಕಟ್ಟಿದ ಪಡೆಗಳಿಗೆ, ಸೇರಿಸಿದನೆಂದು ಇತಿಹಾಸಕಾರರು ಬರೆದಿದ್ದಾರೆ. ರೈಸ್ ಅವರ ಗ್ಯಾಸೆಟಿಯರ್ ಬೇಡರನ್ನು ಊರು ಬೇಡರು ಮತ್ತು ಮ್ಯಾಸ ಬೇಡರು ಎಂದು ವಿಂಗಡಿಸುತ್ತದೆ. ಚಳ್ಳಕೆರೆ, ಮೊಳಕಾಲ್ಮೂರಿನಲ್ಲಿ ಹೆಚ್ಚಾಗಿರುವ ಮ್ಯಾಸಬೇಡರು ಹೆಂಡ ಮುಟ್ಟದ, ಕೋಳಿ ತಿನ್ನದ, ದೇವರ ಎತ್ತುಗಳನ್ನು ಹಿಂಡುಹಿಂಡಾಗಿ ಸಾಕುವ ಪಶುಪಾಲಕರು. ಬೇಟೆಗಾರರೆಂದು ಹೆಸರಾದ ಈ ಜನರ ಸಾಂಸ್ಕೃತಿಕ ವೀರರೂ ದನಗಾಹಿಗಳೇ. ಆದ್ದರಿಂದ ಅವರ ಅಲಗನ್ನು ಬೇಟೆಗಾರನ ಚಾಕು ಎಂದಷ್ಟೇ ಕರೆದರೆ ಅರ್ಧ ಸತ್ಯವಾಗುತ್ತದೆ. ಅದು ವರ್ಷದ ಬಹುಪಾಲು ದಿನ ಬಳಕೆಯಾಗುತ್ತಿದ್ದುದು ಹಟ್ಟಿಯ ಕೆಲಸಕ್ಕೆ.

ಆಯುಧ ಮತ್ತು ಉಪಕರಣದ ನಡುವಣ ಈ ಗೆರೆಗೆ ವಸಾಹತು ಕಾಲದಲ್ಲಿ ಕಾನೂನಿನ ಬೆಲೆ ಬಂತು. 1857ರ ನವೆಂಬರಿನಲ್ಲಿ, ಇಂದಿನ ಬಾಗಲಕೋಟೆ ಜಿಲ್ಲೆಯ ಹಲಗಲಿಯ ಬೇಡರು ನಿಶ್ಶಸ್ತ್ರೀಕರಣದ ಆಜ್ಞೆಯನ್ನು ಧಿಕ್ಕರಿಸಿ ಬಂಡೆದ್ದು ಬಲಿಯಾದರು. 1878ರ ಶಸ್ತ್ರ ಕಾಯ್ದೆ ಬಂದೂಕುಗಳ ಜೊತೆಗೆ ಕತ್ತಿ, ಬಾಕು, ಈಟಿ ಮತ್ತು ಬಿಲ್ಲುಬಾಣಗಳನ್ನೂ ಶಸ್ತ್ರಗಳ ಪಟ್ಟಿಯಲ್ಲಿ ಸೇರಿಸಿತು. ಬೇಟೆಗಾರನ ಬಿಲ್ಲು ಹೀಗೆ ಸಂಶಯದ ವಸ್ತುವಾಯಿತು, ಆದರೆ ರೊಪ್ಪ ಕಟ್ಟುವ ಮಚ್ಚಿಗೂ ಕುರಿ ಸುಲಿಯುವ ಚೂರಿಗೂ ಪಟ್ಟಿಯಲ್ಲಿ ಹೆಸರಿರಲಿಲ್ಲ. ಇದೇ ಅವಧಿಯಲ್ಲಿ ಅಗ್ಗದ ಆಮದು ಕಬ್ಬಿಣ ಬಂದು, ಇದ್ದಿಲಿಗಾಗಿ ಮರ ಕಡಿಯುವುದಕ್ಕೆ ಅರಣ್ಯ ಕಾನೂನುಗಳ ತಡೆ ಬಿದ್ದು, ನಾಡಿನ ಕಬ್ಬಿಣದ ಕುಲುಮೆಗಳು ಒಂದೊಂದಾಗಿ ಆರಿಹೋದವು. ಕಮ್ಮಾರ ಅದಿರಿನಿಂದ ದೂರವಾಗಿ ಪೇಟೆಯ ಪಟ್ಟಿ ಮತ್ತು ಸರಳುಗಳಿಗೆ ಹೊಂದಿಕೊಂಡ. 1923ರಲ್ಲಿ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದಾಗ ಹಳೆಯ ಮೂಸೆಯುಕ್ಕು ನೆನಪಾಗಿ ಉಳಿದಿತ್ತು. ಶೆಫೀಲ್ಡಿನ ಜೋಸೆಫ್ ರಾಜರ್ಸ್‌ನಂಥ ಕಂಪನಿಗಳ ಮಡಿಸುವ ಚಾಕುಗಳು ಪಟ್ಟಣದ ಗುಮಾಸ್ತರ ಕಿಸೆ ಸೇರಿದವು. ಮಡಿಸುವ ಕೀಲಿನೊಳಗೆ ಸೇರಿದ ರಕ್ತ, ಕೊಬ್ಬು ಮತ್ತು ಕೆಂಪು ಧೂಳನ್ನು ತೊಳೆಯುವುದು ಎಷ್ಟು ಕಷ್ಟವೆಂಬುದನ್ನು ಬಲ್ಲವರಿಗೆ, ಬಯಲಿನಲ್ಲಿ ಅವು ಏಕೆ ಚೂರಿಯ ಜಾಗ ಹಿಡಿಯಲಿಲ್ಲವೆಂಬುದನ್ನು ವಿವರಿಸಬೇಕಾಗಿಲ್ಲ.

ಬೇಟೆಯನ್ನು ಕೊನೆಗಾಣಿಸಿದ ಶಾಸನ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಅದಕ್ಕೂ ಮೊದಲೇ ಬಂದೂಕು ಮತ್ತು ಜೀಪು ಹೊಂದಿದ ಶೋಕಿಯ ಬೇಟೆಗಾರರು ಕಾವಲುಗಳ ಕೃಷ್ಣಮೃಗಗಳನ್ನು ನಾಟಿ ಬೇಟೆಗಾರರು ಶತಮಾನಗಳಲ್ಲಿ ಮಾಡಲಾಗದಷ್ಟು ವೇಗವಾಗಿ ಬರಿದುಮಾಡಿದ್ದರು. ಕಾನೂನಿನ ಹೊರೆ ಮಾತ್ರ ಇಬ್ಬರ ಮೇಲೂ ಸಮನಾಗಿ ಬಿತ್ತು. ಮಧ್ಯ ಕರ್ನಾಟಕದ ಬೇಡ ನಾಯಕರ ಹಳ್ಳಿಗಳಲ್ಲಿ ಯುಗಾದಿಯ ಹೊತ್ತಿಗೆ ಊರೆಲ್ಲ ಸೇರಿ ಹೊರಡುತ್ತಿದ್ದ ಬೇಟೆ ಅಪರಾಧವಾಯಿತು. ಈ ಶತಮಾನದ ಮೊದಲ ದಶಕದ ಕೊನೆಗೆ ಚಳ್ಳಕೆರೆಯ ಅಮೃತಮಹಲ್ ಕಾವಲುಗಳ ಸಾವಿರಾರು ಎಕರೆ, ಅದರಲ್ಲಿ 1,500 ಎಕರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ರಕ್ಷಣೆ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾದಾಗ ಬೀಡುಬಿಡುವ ಬಯಲೇ ಬೇಲಿಯೊಳಗಾಯಿತು.

ಚೂರಿ ಮತ್ತು ಮಚ್ಚು ಉಳಿದುಕೊಂಡವು. 1959ರ ಶಸ್ತ್ರ ಕಾಯ್ದೆಯಡಿ ರೂಪುಗೊಂಡ 1962ರ ನಿಯಮಗಳು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗುಗಳನ್ನು ಶಸ್ತ್ರಗಳ ವರ್ಗಕ್ಕೆ ಸೇರಿಸಿ, ಗೃಹಕೃತ್ಯ, ಕೃಷಿ, ವಿಜ್ಞಾನ ಮತ್ತು ಕೈಗಾರಿಕೆಗೆಂದು ಮಾಡಿದವನ್ನು ಹೊರಗಿಟ್ಟವು. 2016ರಲ್ಲಿ ನಿಯಮಗಳು ಹೊಸದಾಗಿ ಬಂದ ಮೇಲೂ ಈ ವಿಂಗಡಣೆಯ ತಿರುಳು ಬದಲಾಗಿಲ್ಲ. ನಾಲ್ಕೈದು ಅಂಗುಲದ ಚೂರಿ ಆ ಅಳತೆಯೊಳಗೇ ಇದೆ. ಎರಡು ಅಂಗುಲ ಮೀರುವ ಮಚ್ಚನ್ನು ಕಾಪಾಡುವುದು ಅದರ ಕೃಷಿಯ ಗುರುತು, ಹಾಗಾಗಿ ಅದನ್ನು ಹೊಲದ ದಾರಿಯಲ್ಲಿ ಹಿಡಿದು ನಡೆಯುವುದಕ್ಕೂ ಪೇಟೆಯ ಬಸ್ಸಿನಲ್ಲಿ ಹಿಡಿದು ಕೂರುವುದಕ್ಕೂ ಬಹಳ ವ್ಯತ್ಯಾಸವಿದೆ.

ಉಕ್ಕಿನ ಮೂಲವೂ ಬದಲಾಗಿದೆ. ಬಳ್ಳಾರಿ–ಹಿರಿಯೂರು ಹೆದ್ದಾರಿಯ ಮೇಲಿರುವ ಚಳ್ಳಕೆರೆ ಲಾರಿಗಳ ಊರೂ ಹೌದು. ಮುರಿದ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಅಲಗು ಬಡಿಯುವುದು ಇಂದು ದೇಶದೆಲ್ಲೆಡೆ ಕಮ್ಮಾರರ ರೂಢಿ. ಶೇಕಡಾ 0.5ರಿಂದ 0.6ರಷ್ಟು ಇಂಗಾಲವಿರುವ ಆ ಉಕ್ಕು ಹಳೆಯ ಮೂಸೆಯುಕ್ಕಿನಷ್ಟು ಗಡಸಲ್ಲ, ಆದರೆ ಬಗ್ಗಿ ಹಿಂದಿರುಗುವುದಕ್ಕೆಂದೇ ತಯಾರಾದುದರಿಂದ ಪೆಟ್ಟು ತಾಳುವುದರಲ್ಲಿ ಎತ್ತಿದ ಕೈ. ಮಚ್ಚಿಗೆ ಅದಕ್ಕಿಂತ ತಕ್ಕ ಲೋಹ ಸುಲಭದಲ್ಲಿ ಸಿಗದು. ಕನಿಷ್ಠ ಶೇಕಡಾ 10.5 ಕ್ರೋಮಿಯಂ ಬೆರೆತ, ತುಕ್ಕು ಹಿಡಿಯದ ಉಕ್ಕಿನ ಶಿಬಿರದ ಚಾಕುಗಳು ಈಗ ಆನ್‌ಲೈನ್ ಅಂಗಡಿಗಳಿಂದ ಹಳ್ಳಿಗೂ ತಲುಪುತ್ತವೆ. ಅಮೆರಿಕದ ಬಾಬ್ ಲವ್‌ಲೆಸ್ 1950ರ ದಶಕದಿಂದ ಮಾಡತೊಡಗಿ ಜನಪ್ರಿಯಗೊಳಿಸಿದ, ಬೆನ್ನು ಮೆಲ್ಲಗೆ ಬಾಗಿ ಮೊನೆಗೆ ಇಳಿಯುವ ಬೇಟೆಯ ಚಾಕುವಿನ ನಕಲುಗಳು ಅವುಗಳಲ್ಲಿ ಹೆಚ್ಚು. ಮಲೆನಾಡಿನ ತೇವದಲ್ಲಿ ತುಕ್ಕು ಹಿಡಿಯದ ಉಕ್ಕಿಗೆ ಕೊಡುವ ಹೆಚ್ಚಿನ ಬೆಲೆಗೆ ಅರ್ಥವಿದೆ. ವರ್ಷದ ಬಹುಪಾಲು ಗಾಳಿಯಲ್ಲಿ ಪಸೆಯೇ ಇರದ ಮೊಳಕಾಲ್ಮೂರಿನಲ್ಲಿ ಒರೆಸಿ ಒಂದು ಹನಿ ಎಣ್ಣೆ ಸವರಿದ ಸಾದಾ ಉಕ್ಕಿನ ಅಲಗು ತುಕ್ಕಿನಿಂದ ಕೆಡುವುದು ಅಪರೂಪ, ಮತ್ತು ಅದನ್ನು ಹಳ್ಳದ ಕಲ್ಲಿನ ಮೇಲೂ ಮಸೆಯಬಹುದು. ಹೊಸ ಚಾಕುವಿನ ಬಾಯಿ ಮುಕ್ಕಾದರೆ ಹಣಿದುಕೊಡುವ ಕಮ್ಮಾರ ಸಿಗುವುದಿಲ್ಲ; ಅತಿ ನಿಯಂತ್ರಿತ ಶಾಖದಲ್ಲಿ ಹದಗೊಂಡ ಅಂಥ ಅಲಗನ್ನು ಇದ್ದಿಲ ಕುಲುಮೆಗೆ ಇಟ್ಟರೆ ಹದವೇ ಹೋಗುತ್ತದೆ. ಆಯದ ಪದ್ಧತಿ ಅಳಿದು, ಕುಲುಮೆಗಳ ಸಂಖ್ಯೆ ಇಳಿದು, ಉಳಿದ ಕಮ್ಮಾರರಲ್ಲಿ ಹಲವರು ಗೇಟು ಮತ್ತು ಟ್ರಾಕ್ಟರ್ ಟ್ರೇಲರುಗಳ ವೆಲ್ಡಿಂಗ್ ಕೆಲಸಕ್ಕೆ ತಿರುಗಿದ್ದಾರೆ. ಕುರಿಗಾಹಿಗಳು ಮಚ್ಚು ಮಾಡಿಸಲು ಹೋಗುವಾಗ ಸ್ಪ್ರಿಂಗ್ ಪಟ್ಟಿಯ ತುಂಡನ್ನು ಗ್ಯಾರೇಜಿನಿಂದ ತಾವೇ ಆರಿಸಿ ತರುವುದುಂಟು.